‘ನಮ್ಮ ಹುಡುಗ’ ಎಂಬ ಮಾತು

ಒಂದು ಅರ್ಜಿ ನನ್ನ ಮೇಜಿನ ಖಾನೆಯಲ್ಲಿ ಒಂಬತ್ತು ದಿನ ಬಿದ್ದಿತ್ತು. ಮರೆತು ಬಿದ್ದುದಲ್ಲ, ನಾನೇ ಇಟ್ಟುಕೊಂಡದ್ದು. ಇದಾಗಿ ಹನ್ನೆರಡು ವರ್ಷಗಳಾದುವು. ಆಗ ನಾನಿದ್ದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವುದರ ಜೊತೆಗೆ ಜಿಮಖಾನಾ ಸಮಿತಿಯ ಸದಸ್ಯನೂ ಆಗಿದ್ದೆ. ಕನ್ನಡ ಹೇಳುವವನಿಗೂ ಚೆಂಡಾಟಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಣ್ಣ ಕಾಲೇಜುಗಳಲ್ಲಿ ಬಿಡುವಾಗಿರುವಂತೆ ಕಂಡವನ ಕೊರಳಿಗೆ ಎಲ್ಲ ಸಮಿತಿಗಳೂ ಬೀಳುತ್ತವೆ. ಕನ್ನಡದವನು ಸದಾ ಬಿಡುವಾಗಿರುತ್ತಾನೆಂಬುದು ನಮ್ಮಲ್ಲಿ ಸಾರ್ವತ್ರಿಕವಾದ ನಂಬಿಕೆ.

ಅರ್ಜಿ ಕೊಟ್ಟವನು ಸಿರಸಂಗಿಯ ಮಗ್ಗುಲ ಹಳ್ಳಿಯ ಒಬ್ಬ ರೈತನ ಮಗ. ಹೆಸರು ಬೇಡ. ಆರಡಿಯ ಮೇಲೆ ಎರಡು ಬೆರಳು ಎತ್ತರ. ಹುತುತು ಆಡಿ ಗಟ್ಟಿಯಾದ ಕಾಲುಗಳು. ಕಾಲೇಜಿಗೆ ಬರುವ ತನಕ ಬಾಸ್ಕೆಟ್‌ಬಾಲ್ ಆಟವನ್ನು ಅವನು ಕಂಡವನೇ ಅಲ್ಲ. ನಮ್ಮ ಕಾಲೇಜಿನ ಅಂಗಣವಾದರೂ ಎಂಥದು? ಎರೆಮಣ್ಣಿನ ಮೇಲೆ ಗರಸು ಹಾಕಿ ಗಟ್ಟಿಸಿದ ನೆಲ, ಎರಡು ಕಬ್ಬಿಣದ ಕಂಬ, ಬಲೆಯಿಲ್ಲದ ಎರಡು ರಿಂಗು. ಮಳೆಗಾಲದಲ್ಲಿ ಅಲ್ಲಿ ಚೆಂಡು ಪುಟಿಯುತ್ತಿರಲಿಲ್ಲ, ಹೂತುಕೊಳ್ಳುತ್ತಿತ್ತು. ಅಂಥಲ್ಲಿ ಕಲಿತು ಒಂದೇ ವರ್ಷದಲ್ಲಿ ಅವನು ಅಂತರ ಕಾಲೇಜು ಪಂದ್ಯಗಳಲ್ಲಿ ಪರರ ಕಣ್ಣಿಗೆ ಬಿದ್ದ. ಮರುವರ್ಷ ಪ್ರವೇಶದ ದಿನಗಳಲ್ಲಿ ಬಂದು ನನ್ನೆದುರು ನಿಂತ.

“ಸರ, ಟಿ.ಸಿ. ಬೇಕಾಗೇದ್ರಿ.”

“ಯಾಕಪಾ, ಇಲ್ಲೇನ ಕಡಿಮಿ ಆತು?”

“ಕಡಿಮಿ ಏನಿಲ್ರಿ. ಅಲ್ಲೆ ಫೀ ಮಾಫ್ ಮಾಡ್ತಾರಂತ್ರಿ. ಹಾಸ್ಟೆಲ್ಲಿನ್ಯಾಗ ಊಟಕ್ಕೂ ರೊಕ್ಕಾ ತಗೊಳ್ಳೂದಿಲ್ಲಂತ. ಬೂಟ ಕೊಡ್ತಾರಂತ್ರಿ.”

ಬೂಟಿನ ಮಾತು ಹೇಳುವಾಗ ಅವನು ತನ್ನ ಕಾಲು ನೋಡಿಕೊಂಡ. ನಾನು ನೋಡಲಿಲ್ಲ. ನನಗೆ ಮಾತು ಬರುತ್ತದೆ. ಮಾತು ಬರುವವರಿಗೆ ಇಂಥ ಹೊತ್ತಿನಲ್ಲಿ ಅದೇ ಕೇಡು. “ನೀ ನಮ್ಮ ಹುಡುಗ,” ಎಂದೆ. “ಜೋಡೆತ್ತಿನಾಗ ಒಂದ ಎತ್ತ ಮಾರಿದ್ರ ಇನ್ನೊಂದ ಏನ ಮಾಡಬೇಕೋ ತಮ್ಮಾ?” ಒಕ್ಕಲಿಗನ ಮಗನಿಗೆ ಎತ್ತಿನ ದೃಷ್ಟಾಂತ ಕೊಟ್ಟೆನೆಂದು ಒಳಗೊಳಗೆ ಹಿಗ್ಗಿಯೂ ಇದ್ದೆ.

ಟಿ.ಸಿ. ಕೊಡುವವರು ಪ್ರಾಚಾರ್ಯರು. ಆದರೆ ಆಟಗಾರನ ಅರ್ಜಿ ಜಿಮಖಾನಾದ ‘ಬಾಕಿಯಿಲ್ಲ’ ಎಂಬ ಸಹಿಯಿಲ್ಲದೆ ಅವರ ಮೇಜಿಗೆ ಹೋಗುತ್ತಿರಲಿಲ್ಲ. ಹುಡುಗನ ಮೇಲೆ ಬಾಕಿಯಿದ್ದದ್ದು ಕಾಲೇಜಿನ ಒಂದು ಬನಿಯನ್ನು. ಅದನ್ನು ತೊಳೆದು ಮಡಿಚಿ ಅರ್ಜಿಯೊಡನೆಯೇ ತಂದಿದ್ದ. ಸಹಿ ಹಾಕದಿರಲು ನನಗೆ ಕಾರಣವೇ ಇರಲಿಲ್ಲ. ಎರಡು ದಿನ ಯೋಚನೆ ಮಾಡಲಿ ಎಂದುಕೊಂಡು ಅರ್ಜಿಯನ್ನು ಖಾನೆಯೊಳಗೆ ಇಟ್ಟೆ. ಎರಡು ದಿನ ಒಂಬತ್ತಾದುವು. ಅಷ್ಟರಲ್ಲಿ ಆ ಕಾಲೇಜಿನವರು ಆಟಗಾರರ ಅರ್ಹತಾ ಪತ್ರಗಳನ್ನು ವಿಶ್ವವಿದ್ಯಾಲಯಕ್ಕೆ ಕಳಿಸುವ ಕೊನೆಯ ದಿನ ದಾಟಿಹೋಯಿತು. ಆ ತಾರೀಖು ನನಗೆ ಗೊತ್ತಿತ್ತು. ಅದನ್ನು ಒಪ್ಪಿಕೊಳ್ಳದೆ ಈ ಲೇಖನವನ್ನು ಮುಂದುವರಿಸುವುದು ಸರಿಯಲ್ಲ.

ಅವನಿಗೆ ಅಲ್ಲಿ ಪ್ರವೇಶವೇನೋ ದೊರಕಿತು; ಆಟ ದೊರಕಲಿಲ್ಲ. ಆಡದವನಿಗೆ ಪುಕ್ಕಟೆ ಊಟ ಯಾರು ಹಾಕಿಯಾರು? ಆ ವರ್ಷದ ಹಾಸ್ಟೆಲಿನ ಹಣ ಕಟ್ಟಲು ಅವನ ಅಪ್ಪ ಎತ್ತಿನ ಜೋಡಿಯಲ್ಲಿ ಒಂದನ್ನು ಮಾರಿದನೆಂಬ ಸುದ್ದಿ ನನ್ನ ಕಿವಿಗೆ ಬಿದ್ದುದು ದೀಪಾವಳಿ ಕಳೆದ ಮೇಲೆ.

ನನ್ನನ್ನು ಯಾರೂ ತಪ್ಪುಗಾರನೆನ್ನಲಿಲ್ಲ. ಸಹೋದ್ಯೋಗಿಗಳೊಬ್ಬರು, “ಚಲೋ ಮಾಡಿದ್ರಿ, ಇಲ್ಲಾಂದ್ರ ಎಲ್ಲಾರೂ ಹೊಂಟ ನಿಂದರ್ತಾರ,” ಎಂದು ಬೆನ್ನು ತಟ್ಟಿದರು. ಕಾಲೇಜಿನ ಹಿತಕ್ಕಾಗಿ ಮಾಡಿದೆನೆಂದು ನಾನೂ ನಂಬಿದೆ. ಆದರೆ ಒಂದು ಪ್ರಶ್ನೆ ಅಂದಿನಿಂದ ಇಂದಿನವರೆಗೂ ನನ್ನನ್ನು ಬಿಟ್ಟಿಲ್ಲ: ‘ನಮ್ಮ ಹುಡುಗ’ ಎನ್ನುವಾಗ ಆ ‘ನಮ್ಮ’ ಎಂಬುದರ ಅರ್ಥವೇನು? ನಮ್ಮ ಹೊಲ ಎಂದಂತೆಯೇ, ಅಥವಾ ನಮ್ಮ ಅಣ್ಣ ಎಂದಂತೆಯೇ?

ಈ ಆಟವನ್ನು ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮದ ಶಿಕ್ಷಕ 1891ರ ಡಿಸೆಂಬರಿನಲ್ಲಿ ಅಮೇರಿಕದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ವ್ಯಾಯಾಮಶಾಲೆಯ ಬಾಲ್ಕನಿಗೆ ಎರಡು ಹಣ್ಣಿನ ಬುಟ್ಟಿಗಳನ್ನು ಬಡಿಸಿ, ಹದಿಮೂರು ನಿಯಮಗಳನ್ನು ಬರೆದ. ಚೆಂಡು ಹಿಡಿದು ಓಡಬಾರದು, ಎದುರಾಳಿಯನ್ನು ತಳ್ಳಬಾರದು, ಇತ್ಯಾದಿ. ಯಾರು ಯಾರ ಪರವಾಗಿ ಆಡಬಹುದೆಂಬ ಮಾತು ಆ ಹದಿಮೂರರಲ್ಲಿ ಒಂದರಲ್ಲಿಯೂ ಇಲ್ಲ. ಈಗ ಆ ಒಂದು ಮಾತಿನ ಮೇಲೆಯೇ ಆ ದೇಶದಲ್ಲಿ ದಪ್ಪ ಪುಸ್ತಕಗಳೂ ವಕೀಲರ ವಾದಗಳೂ ಬೆಳೆದು ನಿಂತಿವೆ. ನಮ್ಮಲ್ಲಿ ಕ್ರಿಕೆಟ್ಟು ಹೇಗೋ ಅಲ್ಲಿ ಕಾಲೇಜು ಹುಡುಗರ ಬಾಸ್ಕೆಟ್‌ಬಾಲ್ ಹಾಗೆ ಜನ ಮುಗಿಬಿದ್ದು ನೋಡುವ ಆಟ. ಅದನ್ನು ಆಳುವ ಸಂಘ ಎನ್.ಸಿ.ಎ.ಎ. ಅದರ ಹಳೆಯ ಕಟ್ಟಳೆಯಂತೆ ಒಬ್ಬನು ಐದು ವರ್ಷಗಳೊಳಗೆ ನಾಲ್ಕು ಹಂಗಾಮು ಮಾತ್ರ ಆಡಬಹುದಾಗಿತ್ತು. ಕಾಲೇಜು ಬದಲಿಸಿದರೆ ಒಂದು ವರ್ಷ ಆಡದೆ ಕುಳಿತಿರಬೇಕಾಗಿತ್ತು. ಬೇರೆ ಕಾಲೇಜಿನವರು ಅವನೊಡನೆ ಮಾತಾಡುವುದಕ್ಕೂ ಮೊದಲಿನ ಕಾಲೇಜಿನವರ ಒಪ್ಪಿಗೆ ಬೇಕಾಗಿತ್ತು. ಅಂದರೆ ಅಲ್ಲಿಯೂ ನನ್ನಂಥವರ ಮೇಜಿನ ಖಾನೆಗಳಿದ್ದುವು!

2018ರ ಅಕ್ಟೋಬರಿನಲ್ಲಿ ಆ ಖಾನೆಗೆ ಬೀಗ ಬಿದ್ದಿತು. ಬಿಟ್ಟುಹೋಗುವೆನೆಂದು ಆಟಗಾರ ಬರೆದುಕೊಟ್ಟರೆ ಎರಡು ಕೆಲಸದ ದಿನಗಳೊಳಗಾಗಿ ಕಾಲೇಜು ಅವನ ಹೆಸರನ್ನು ಎಲ್ಲರಿಗೂ ಕಾಣುವ ಒಂದು ಪಟ್ಟಿಗೆ ಸೇರಿಸಲೇಬೇಕೆಂದು ನಿಯಮವಾಯಿತು. ಎರಡು ದಿನ! ಇದನ್ನು ಮೊದಲ ಸಲ ಓದಿದಾಗ ನನ್ನ ಒಂಬತ್ತು ದಿನಗಳು ನೆನಪಾಗಿ ನಾನು ಪತ್ರಿಕೆಯನ್ನು ಮಡಿಚಿಟ್ಟೆ. 2021ರಲ್ಲಿ, ಒಂದು ಸಲ ಕಾಲೇಜು ಬದಲಿಸುವವನು ವರ್ಷ ಕುಳಿತಿರಬೇಕಾಗಿಲ್ಲವೆಂದರು. ಎರಡನೆಯ ಸಲ ಬದಲಿಸಿದವರನ್ನು ತಡೆದಾಗ, 2023ರ ಡಿಸೆಂಬರಿನಲ್ಲಿ ವೆಸ್ಟ್ ವರ್ಜೀನಿಯದ ಒಂದು ನ್ಯಾಯಾಲಯ ಆ ತಡೆಯನ್ನೇ ತಡೆಯಿತು. 2024ರ ಏಪ್ರಿಲಿನಿಂದ ಓದಿನಲ್ಲಿ ಹಿಂದೆ ಬೀಳದವನು ಎಷ್ಟು ಸಲವಾದರೂ ಹೋಗಬಹುದು. ಇದರ ಜೊತೆಗೆ ದುಡ್ಡೂ ಬಂತು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಗಳಿಸಬಹುದೆಂದಾಯಿತು. 2025ರ ಜೂನಿನಲ್ಲಿ ನ್ಯಾಯಾಲಯ ಒಪ್ಪಿದ ಒಂದು ಒಪ್ಪಂದದ ಪ್ರಕಾರ ಒಂದು ಕಾಲೇಜು ತನ್ನ ಎಲ್ಲ ಆಟಗಳ ಆಟಗಾರರಿಗೂ ಸೇರಿ ಮೊದಲ ವರ್ಷ ಸುಮಾರು 2 ಕೋಟಿ 5 ಲಕ್ಷ ಡಾಲರುಗಳವರೆಗೆ ನೇರವಾಗಿ ಹಂಚಬಹುದು. ನಮ್ಮ ಹುಡುಗ ಕೇಳಿದ್ದು ಒಂದು ಜೊತೆ ಬೂಟು.

ಇದರಿಂದ ತಂಡಗಳ ಗತಿ ಏನಾಯಿತು? ಕೆಂಟಕಿ ವಿಶ್ವವಿದ್ಯಾಲಯದ್ದು ಆ ದೇಶದ ಅತ್ಯಂತ ಹೆಸರಾಂತ ತಂಡಗಳಲ್ಲೊಂದು. 2024ರಲ್ಲಿ ಅದರ ಹಳೆಯ ತರಬೇತಿದಾರ ಬೇರೆ ಕಾಲೇಜಿಗೆ ಹೊರಟುಹೋದ. ಹೊಸಬ ಬಂದು ನೋಡಿದರೆ, ಹಿಂದಿನ ವರ್ಷ ವಿದ್ಯಾರ್ಥಿವೇತನ ಪಡೆದು ಆಡಿದವರಲ್ಲಿ ಒಬ್ಬನೂ ಉಳಿದಿರಲಿಲ್ಲ. ಒಂದೇ ವಸಂತದಲ್ಲಿ ತಂಡದ ಬಹುಭಾಗವನ್ನು ಬೇರೆ ಬೇರೆ ಕಾಲೇಜುಗಳಿಂದ ಕೂಡಿಸಿದರು. ಬನಿಯನ್ನು ಹಳೆಯದು, ಮೈಗಳೆಲ್ಲ ಹೊಸವು. ಆದರೂ ಹೊಸ ತರಬೇತಿದಾರನನ್ನು ಸ್ವಾಗತಿಸಲು ಜನ ಕ್ರೀಡಾಂಗಣ ತುಂಬಿ ಸೇರಿದರಂತೆ. ಏಕೆಂದರೆ ಅವನು, ಮಾರ್ಕ್ ಪೋಪ್ ಎಂಬಾತ, ‘ನಮ್ಮ ಹುಡುಗ’. 1996ರಲ್ಲಿ ಅದೇ ಕಾಲೇಜಿನ ತಂಡದ ನಾಯಕನಾಗಿ ಚಾಂಪಿಯನ್ ಪಟ್ಟ ತಂದವನು. ಈ ಕಥೆಯಲ್ಲಿ ನನಗೆ ಹಿಡಿಸಿದ ಸಂಗತಿ ಇನ್ನೊಂದು. ಈ ‘ನಮ್ಮ ಹುಡುಗ’ ಮೊದಲು ಎರಡು ವರ್ಷ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಆಡಿದ್ದವನು. ಅದನ್ನು ಬಿಟ್ಟು, ಆಗಿನ ನಿಯಮದಂತೆ ಒಂದು ವರ್ಷ ಕುಳಿತು, ಆಮೇಲೆ ಕೆಂಟಕಿಯವನಾದವನು. ಬಿಟ್ಟುಬಂದವನೇ ಮನೆಯ ಮಗನಾದ.

ಸಿರಸಂಗಿಯ ಸೀಮೆಯವರಿಗೆ ಇದು ಅಪರಿಚಿತವಾದ ಸಂಗತಿಯಲ್ಲ. ಇಂದಿನ ಗದಗ ಜಿಲ್ಲೆಯ ಶಿಗ್ಲಿಯಲ್ಲಿ 1861ರಲ್ಲಿ ಹುಟ್ಟಿದ ಒಬ್ಬ ಬಾಲಕ ಸಿರಸಂಗಿಯ ದೇಸಾಯರ ವಾಡೆಗೆ ದತ್ತಕ ಬಂದ. ಹುಟ್ಟಿದ ಮನೆ ಬೇರೆ, ಹೆಸರು ಬೇರೆ. ಬಂದ ಮೇಲೆ ಲಿಂಗರಾಜನಾದ. 1906ರಲ್ಲಿ ತೀರಿಕೊಂಡಾಗ ಆ ಮನೆತನದ ಆಸ್ತಿಯನ್ನು, ಮುಖ್ಯವಾಗಿ ತನ್ನ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು, ಬಿಟ್ಟುಹೋದ. ಬೆಳಗಾವಿಯಲ್ಲಿ 1933ರಲ್ಲಿ ಹುಟ್ಟಿದ ಕಾಲೇಜಿಗೆ ಅವರದೇ ಹೆಸರು. ಇಂದು ಸಿರಸಂಗಿ ಎಂದರೆ ಕಾಳಮ್ಮನ ಗುಡಿಯ ಜೊತೆಗೆ ಜನ ನೆನೆಯುವುದು ಲಿಂಗರಾಜರನ್ನು. ಶಿಗ್ಲಿಯ ಲಿಂಗರಾಜ ಎಂದು ಯಾರೂ ಅನ್ನುವುದಿಲ್ಲ. ಊರಿನ ಹೆಸರನ್ನು ಎತ್ತಿ ಹಿಡಿದವನು ಊರಲ್ಲಿ ಹುಟ್ಟಿದವನಲ್ಲ.

ದತ್ತಕಕ್ಕೂ ಅರ್ಹತೆಯ ನಿಯಮಗಳುಂಟು. ಅವು ಆಟದ ನಿಯಮಗಳನ್ನು ವಿಚಿತ್ರವಾಗಿ ಹೋಲುತ್ತವೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶದ ಕಾಯಿದೆಯಂತೆ, ಬೇರೆ ರೂಢಿಯಿಲ್ಲದಿದ್ದರೆ, ಹದಿನೈದು ವರ್ಷ ತುಂಬಿದವರನ್ನು ದತ್ತಕ ತೆಗೆದುಕೊಳ್ಳುವಂತಿಲ್ಲ. ಒಮ್ಮೆ ದತ್ತಕ ಹೋದವನು ಮತ್ತೊಮ್ಮೆ ಹೋಗುವಂತಿಲ್ಲ. ಹೋದವನು ಮರಳುವಂತೆಯೂ ಇಲ್ಲ. ಆದರೆ ಒಂದು ವಿಶೇಷ: ಹೋಗುವ ಮೊದಲೇ ಅವನ ಪಾಲಿಗೆ ಬಂದಿದ್ದ ಆಸ್ತಿ ಅವನದಾಗಿಯೇ ಉಳಿಯುತ್ತದೆ. ಮನೆ ಬಿಟ್ಟನೆಂದು ಕಾಯಿದೆ ಅವನನ್ನು ಒಂದು ವರ್ಷ ಉಪವಾಸ ಕೆಡವುವುದಿಲ್ಲ.

ಇನ್ನು ನಿಯಮವನ್ನು ಹೊರಗಿನವರು ತಮ್ಮ ಅನುಕೂಲಕ್ಕೆ ತಿರುಗಿಸಿದರೆ ಏನಾದೀತೆಂಬುದಕ್ಕೆ ಕಿತ್ತೂರಿಗಿಂತ ಬೇರೆ ಉದಾಹರಣೆ ಬೇಕೆ? 1824ರಲ್ಲಿ ಶಿವಲಿಂಗರುದ್ರಸರ್ಜನ ದತ್ತಕ ಪುತ್ರನನ್ನು ಧಾರವಾಡದ ಥ್ಯಾಕರೆ ಒಪ್ಪಲಿಲ್ಲ. ಮುಂದಿನದು ಎಲ್ಲರಿಗೂ ಗೊತ್ತು. ಯಾರು ನಮ್ಮವನೆಂದು ಹೇಳುವ ಅಧಿಕಾರ ಯಾರದು ಎಂಬ ಪ್ರಶ್ನೆಗೆ ಈ ಸೀಮೆಯ ಜನ ರಕ್ತ ಚೆಲ್ಲಿದ್ದಾರೆ.

ಒಮ್ಮೊಮ್ಮೆ ಹುಡುಗ ನಿಂತಲ್ಲೇ ನಿಂತಿರುತ್ತಾನೆ. ಗೆರೆಯೇ ಎದ್ದು ಹೋಗುತ್ತದೆ. ನಮ್ಮ ಭಾಗದ ಹಳೆಯ ಕಾಲೇಜುಗಳು ಮೊದಲು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ್ದುವು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಧಾರವಾಡಕ್ಕೆ ಸೇರಿದುವು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದಾಗ ಅದಕ್ಕೆ ಸೇರಿದುವು. ಅದೇ ಅಂಗಣ, ಅದೇ ಕಂಬ. ಅಣ್ಣ ಧಾರವಾಡದ ಬನಿಯನ್ನು ತೊಟ್ಟು ಆಡಿದ್ದರೆ ತಮ್ಮ ಧಾರವಾಡದ ವಿರುದ್ಧ ಆಡುವ ಪ್ರಸಂಗ. ಇದನ್ನು ಯಾರೂ ದ್ರೋಹವೆನ್ನಲಿಲ್ಲ. ಸರಕಾರ ಒಂದು ಆಜ್ಞೆಯಿಂದ ನೂರಾರು ಹುಡುಗರ ‘ನಮ್ಮ’ವನ್ನು ಬದಲಿಸಿದರೆ ಆಡಳಿತ; ಹುಡುಗ ತಾನಾಗಿ ಬದಲಿಸಿದರೆ ಕೃತಘ್ನತೆ!

ಇಲ್ಲಿ ನನ್ನದೇ ಇನ್ನೊಂದು ಸಂಗತಿ ಹೇಳಬೇಕು. ಆ ಹುಡುಗನಿಗೆ ಜೋಡೆತ್ತಿನ ನೀತಿ ಹೇಳಿದ ನಾನು ಅದಕ್ಕೆ ಮೊದಲು ಎರಡು ಕಾಲೇಜುಗಳನ್ನು ಬಿಟ್ಟು ಬಂದವನು. ಒಂದನ್ನು ಸಂಬಳಕ್ಕಾಗಿ, ಇನ್ನೊಂದನ್ನು ಮಕ್ಕಳ ಶಾಲೆಗಾಗಿ. ಎರಡೂ ಸಲ ಹಾರ ಹಾಕಿ, ಶಾಲು ಹೊದಿಸಿ, ಫಳಾರ ಕೊಟ್ಟು ಕಳಿಸಿದರು. ಹೊಸ ಕಾಲೇಜಿನವರು, “ನೀವು ಒಂದು ವರ್ಷ ಪಾಠ ಹೇಳದೆ ಸುಮ್ಮನೆ ಕೂಡ್ರಿ,” ಎನ್ನಲಿಲ್ಲ. ಅಮೇರಿಕದಲ್ಲಿಯೂ ತರಬೇತಿದಾರರು ಹೀಗೆಯೇ ಹೋಗಿಬರುತ್ತಿದ್ದರು. ವರ್ಷ ಕುಳಿತಿರಬೇಕಾದವರು ಹುಡುಗರು. ಆಟಗಾರರನ್ನು ಕಾಲೇಜುಗಳು ಆಸೆ ತೋರಿಸಿ ಸೆಳೆಯಬಾರದೆಂಬುದು ಈ ನಿಯಮದ ಉದ್ದೇಶವೆನ್ನುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಸೆಳೆದವನು ಒಬ್ಬ, ದಂಡ ತೆರುವವನು ಇನ್ನೊಬ್ಬ. ಇಬ್ಬರು ದೊಡ್ಡವರ ಜಗಳದಲ್ಲಿ ಎಲ್ಲರಿಗಿಂತ ಚಿಕ್ಕವನ ಕೈಯಿಂದ ದಂಡ ವಸೂಲು ಮಾಡುವ ನಿಯಮವು ಎಷ್ಟೇ ಸಮದರ್ಶಿಯಾಗಿ ಕಂಡರೂ ನ್ಯಾಯವಲ್ಲ.

ಪಂಪಭಾರತವನ್ನು ಪಾಠ ಹೇಳುವಾಗಲೆಲ್ಲ ಕರ್ಣನ ಬಳಿ ನಾನು ತಡವಾಗಿ ನಿಲ್ಲುತ್ತೇನೆ. ವಿದ್ಯೆ ತೋರಿಸಲು ರಂಗಕ್ಕೆ ಬಂದವನಿಗೆ ಮೊದಲು ಕೇಳಿದ್ದು ಕುಲವನ್ನು. ಅದು ಅರ್ಹತೆಯ ಪ್ರಶ್ನೆ. ದುರ್ಯೋಧನ ಅಲ್ಲಿಯೇ ಅಂಗರಾಜ್ಯದ ಪಟ್ಟ ಕಟ್ಟಿ ಅರ್ಹತಾ ಪತ್ರಕ್ಕೆ ಸಹಿ ಹಾಕಿದ. ಮುಂದೆ ಕೃಷ್ಣ ಬಂದು, ನಿನ್ನ ನಿಜವಾದ ಮನೆ ಆಚೆಯದು, ಬಾ ಎಂದು ಕರೆದಾಗ ಕರ್ಣ ಹೋಗಲಿಲ್ಲ. ಎಷ್ಟು ವರ್ಷಗಳಾದರೂ ತರಗತಿ ಇಲ್ಲಿ ಮೌನವಾಗುತ್ತದೆ. ಆದರೆ ಮೊನ್ನೆ ಮೊನ್ನೆಯಷ್ಟೇ ನನಗೆ ಹೊಳೆದುದು ಇದು: ಕರ್ಣನ ನಿಷ್ಠೆಗೆ ಬೆಲೆ ಬಂದುದು ಬಾಗಿಲು ತೆರೆದಿತ್ತೆಂದು. ದುರ್ಯೋಧನ ಬೀಗ ಜಡಿದು ಬೀಗದ ಕೈಯನ್ನು ಖಾನೆಯಲ್ಲಿಟ್ಟುಕೊಂಡಿದ್ದರೆ ಕರ್ಣ ಸೆರೆಯಾಳು. ಅವನನ್ನು ಕುರಿತು ಯಾವ ಕವಿಯೂ ಮರುಗಬಹುದಿತ್ತು, ಮೆಚ್ಚಬೇಕಾಗಿರಲಿಲ್ಲ. ನಿಷ್ಠೆಯನ್ನು ಕಾಯಲೆಂದು ಹಾಕಿದ ಬೀಗ ನಿಷ್ಠೆಯನ್ನೇ ಅಸಾಧ್ಯ ಮಾಡುತ್ತದೆ. ನನ್ನ ಒಂಬತ್ತು ದಿನಗಳಲ್ಲಿ ಆ ಹುಡುಗ, “ಇರಲಿ ಬಿಡ್ರಿ ಸರ, ಇಲ್ಲೇ ಇರ್ತೀನಿ,” ಎಂದಿದ್ದರೂ ನನಗೆ ದಕ್ಕುತ್ತಿದ್ದುದು ಅವನಲ್ಲ, ಅವನ ಟಿ.ಸಿ.

ಹಾಗಾದರೆ ಬಾಗಿಲು ಹಾರುಹೊಡೆದಿರಲಿ ಎನ್ನೋಣವೆ? ಇಲ್ಲಿಯೇ ನನಗೆ ತೊಡಕು. ಪ್ರತಿವರ್ಷ ಎಲ್ಲರೂ ಎದ್ದುಹೋಗುವ ತಂಡ ಖಾನಾವಳಿಯ ಪಂಕ್ತಿಯಂತೆ. ಊಟ ಬಿಸಿಯಾಗಿಯೇ ಇರುತ್ತದೆ, ಹೊಟ್ಟೆಯೂ ತುಂಬುತ್ತದೆ. ಮಗ್ಗುಲಲ್ಲಿ ಕುಳಿತವನ ಹೆಸರು ಮಾತ್ರ ಗೊತ್ತಿರುವುದಿಲ್ಲ. ಈ ಆಟದಲ್ಲಿ ಅಂಗಣದೊಳಗಿರುವವರು ಐದೇ ಮಂದಿ. ಒಬ್ಬ ಎತ್ತ ತಿರುಗುವನೆಂದು ಇನ್ನೊಬ್ಬ ಕಣ್ಣೆತ್ತದೆಯೇ ತಿಳಿಯಬೇಕಾದರೆ ವರ್ಷಗಟ್ಟಲೆ ಒಂದೇ ನೆಲದ ಮೇಲೆ ಬೆವರಬೇಕು. ನಮ್ಮ ಹುಡುಗ ಹೋದ ವರ್ಷ ಕಾಲೇಜು ಮೊದಲನೆಯ ಪಂದ್ಯದಲ್ಲಿಯೇ ಸೋತಿತು. ಅವನಿಗೆ ಚೆಂಡು ಕೊಡುತ್ತಿದ್ದ ಕುಳ್ಳ ಹುಡುಗನೊಬ್ಬನಿದ್ದ. ಅವನು ಎರಡು ತಿಂಗಳು ಮೈದಾನಕ್ಕೆ ಬಂದು, ಆಮೇಲೆ ಬರುವುದನ್ನು ಬಿಟ್ಟ. ಕೇಳಿದರೆ, “ಯಾರಿಗೆ ಕೊಡೂದ್ರಿ ಸರ?” ಎಂದ. ನನ್ನ ಎತ್ತಿನ ದೃಷ್ಟಾಂತ ಪೂರಾ ಸುಳ್ಳಾಗಿರಲಿಲ್ಲ.

ಅದೇ ವರ್ಷ ಇನ್ನೊಂದೂ ನಡೆಯಿತು. ಹಿಂದಿನ ವರ್ಷವೆಲ್ಲ ನೀರಿನ ಬಾಟ್ಲಿ, ಟವೆಲ್ಲು ಹಿಡಿದು ಅಂಚಿನಲ್ಲಿ ಕುಳಿತಿದ್ದ ಒಬ್ಬನಿಗೆ ಜಾಗ ಸಿಕ್ಕಿತು. ಅವನೇನೂ ದೊಡ್ಡ ಆಟಗಾರನಲ್ಲ. ಆದರೆ ಆ ಸೋತ ಪಂದ್ಯದ ಫೋಟೋ ಇಂದಿಗೂ ಅವನ ಅಂಗಡಿಯ ಗೋಡೆಯ ಮೇಲಿದೆ. ಹೋಗುವವನ ಹಕ್ಕು, ಉಳಿದವರ ನಷ್ಟ ಎಂದು ನಾವು ವಾದಿಸುವಾಗ ಈ ಮೂರನೆಯವನನ್ನು ಮರೆತೇಬಿಡುತ್ತೇವೆ. ಅಮೇರಿಕದಲ್ಲಿ ಆದುದೂ ಇದೇ, ತಿರುವುಮುರುವಾಗಿ. ಮಹಾಮಾರಿಯ ಕಾರಣದಿಂದ 2020–21ರ ಹಂಗಾಮನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಆಟಗಾರರಿಗೆ ಒಂದು ವರ್ಷ ಹೆಚ್ಚು ಕೊಟ್ಟರು. ದಯೆಯ ನಿರ್ಣಯವೇ. ಆದರೆ ಗಂಡುಹುಡುಗರ ತಂಡದಲ್ಲಿ ವಿದ್ಯಾರ್ಥಿವೇತನದ ಸ್ಥಾನಗಳು ಆಗ 13 ಮಾತ್ರ. ಇಪ್ಪತ್ತಮೂರರ ಪಳಗಿದವನು ಉಳಿದರೆ, ಇಲ್ಲವೆ ಬೇರೆ ಕಾಲೇಜಿನಿಂದ ಬಂದರೆ, ಹೈಸ್ಕೂಲು ಮುಗಿಸಿದ ಹದಿನೆಂಟರ ಹುಡುಗ ಹೊಸ್ತಿಲಲ್ಲೇ ನಿಲ್ಲಬೇಕು. ಗೆಲ್ಲಲೇಬೇಕಾದ ತರಬೇತಿದಾರ ಕಲಿತವನನ್ನು ಆರಿಸುತ್ತಾನೆಯೇ ಹೊರತು ಕಲಿಸಬೇಕಾದವನನ್ನಲ್ಲ. ಈಗ ಆ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ತಂಡದ ಮಿತಿ 15 ಆಗಿದೆ. ಎರಡು ಕುರ್ಚಿ ಹೆಚ್ಚಿದುವು. ಬಾಗಿಲಲ್ಲಿ ನಿಂತವರ ಸಾಲು ಕರಗಲಿಲ್ಲ. ನಮ್ಮ ವಿಶ್ವವಿದ್ಯಾಲಯಗಳ ಪಂದ್ಯಗಳಲ್ಲಿ ವಯಸ್ಸಿಗೂ, ಕಲಿಕೆಯ ವರ್ಷಗಳಿಗೂ ಮಿತಿ ಹಾಕಿರುವುದು ಈ ಹೊಸ್ತಿಲ ಹುಡುಗನಿಗಾಗಿ. ಆ ಮಿತಿಯನ್ನು ಬೈಯುವವರನ್ನು ಕಂಡಿದ್ದೇನೆ. ನಾನು ಬೈಯಲಾರೆ. ಹೋಗದಂತೆ ಹಿಡಿಯುವ ನಿಯಮ ಬೇರೆ, ಬರುವವನಿಗೆ ಜಾಗ ಬಿಡಿಸುವ ನಿಯಮ ಬೇರೆ.

ಬಂದವನನ್ನು ಯಾರವನೆಂದು ಕೇಳದೆ ನಮ್ಮವನೆನ್ನಬೇಕೆಂದು ಬಸವಣ್ಣನವರು ಹೇಳಿದುದನ್ನು ನಮ್ಮ ಶಾಲೆಗಳ ಗೋಡೆಗಳ ಮೇಲೆ ಬರೆದಿರುತ್ತಾರೆ. ಬರುವವನ ವಿಷಯಕ್ಕೆ ನಮ್ಮಲ್ಲಿ ಮಾತಿದೆ. ಹೋಗುವವನ ವಿಷಯಕ್ಕೆ? ಹೆಣ್ಣುಮಗಳು ಗಂಡನ ಮನೆಗೆ ಹೊರಟಾಗ ಒಪ್ಪಿಸಿಕೊಡುವ ಹಾಡುಗಳಿವೆ. ಉಡಿ ತುಂಬಿ, ಅತ್ತು, ಅಗಸಿಯವರೆಗೆ ಕಳಿಸಿ ಬರುತ್ತೇವೆ. ಹೋದ ಮೇಲೂ ಅವಳು ‘ನಮ್ಮ ಮನೆಯ ಮಗಳೇ’. ಪಂಚಮಿಗೆ ಕರೆಯಲು ಅಣ್ಣ ಹೋಗುತ್ತಾನೆ. ಗಂಡುಮಕ್ಕಳನ್ನು, ಅದರಲ್ಲಿಯೂ ಕೈಲಾಗುವ ಗಂಡುಮಕ್ಕಳನ್ನು, ಹೀಗೆ ಕಳಿಸಿಕೊಡುವುದನ್ನು ನಾವು ಕಲಿತಿಲ್ಲ. ನನ್ನ ಮುಂದೆ ಆ ಹುಡುಗ ತೊಳೆದ ಬನಿಯನ್ನು ಹಿಡಿದು ನಿಂತಾಗ ನಾನು ಮಾಡಬಹುದಾಗಿದ್ದುದು ಅತಿ ಸರಳ. ಸಹಿ ಹಾಕಿ, ಬನಿಯನ್ನನ್ನು ಅವನಿಗೇ ಕೊಟ್ಟು, “ಹೋಗಿ ಬಾ” ಎನ್ನುವುದು. ಬನಿಯನ್ನಿನ ಬೆಲೆಯನ್ನು ಬೇಕಾದರೆ ನನ್ನ ಹೆಸರಿಗೆ ಹಚ್ಚಿಕೊಳ್ಳಬಹುದಾಗಿತ್ತು. ಹೋಗುವವನಿಗೂ ಉಳಿದವರ ಋಣ ಇದ್ದೇ ಇದೆ. ಆ ಕುಳ್ಳನಿಗೆ ಅವನೊಂದು ಮಾತು ಹೇಳಿ ಹೋಗಬೇಕಾಗಿತ್ತು. ಅದನ್ನು ನಾನೇ ಅವನಿಗೆ ತಿಳಿಸಿ ಹೇಳಬಹುದಾಗಿತ್ತು. ಆದರೆ ಕಟ್ಟಿಹಾಕಿದವನ ಬಾಯಿಂದ ಋಣದ ಮಾತು ಒಪ್ಪುವುದಿಲ್ಲ.

ಮುಂದಿನ ಎರಡು ವರ್ಷ ಅವನು ಆ ಕಾಲೇಜಿಗೆ ಆಡಿದನೆಂದು ಕೇಳಿದ್ದೆ. ಅವನು ಅಂಥ ಹೆಸರಾದ ಆಟಗಾರನೇನೂ ಆಗಲಿಲ್ಲ. ಕಳೆದುಹೋದ ಆ ಒಂದು ವರ್ಷ ಸಿಕ್ಕಿದ್ದರೆ ಆಗುತ್ತಿದ್ದನೋ ಏನೋ, ಅದನ್ನು ಹೇಳಲು ನಾನು ಯಾರು?

ಹೋದ ವರ್ಷ ಒಂದು ರವಿವಾರ ಸಿರಸಂಗಿಯಲ್ಲಿ ಕಾಳಮ್ಮನ ಗುಡಿಯ ಮುಂದೆ ಚಪ್ಪಲಿ ಬಿಡುತ್ತಿದ್ದಾಗ ಯಾರೋ ಕಾಲು ಮುಟ್ಟಿದರು. ಎತ್ತರದಿಂದ ಗುರುತು ಹಿಡಿದೆ. ಬಸ್ಸಿನ ಕಂಡಕ್ಟರನಾಗಿದ್ದಾನೆ. ಹೊಟ್ಟೆ ಸ್ವಲ್ಪ ಬಂದಿದೆ. ಹೆಂಡತಿ ಜೊತೆಗಿದ್ದಳು, ತೆಂಗಿನ ಹೋಳು ಕಡಿಯುತ್ತಿದ್ದ ಮಗಳೊಬ್ಬಳು ಅವನ ಹೆಗಲ ಮೇಲಿದ್ದಳು. “ಅಪ್ಪ ಆರಾಮದಾನೇನೋ?” ಎಂದೆ. “ಆರಾಮ ಅದಾನ್ರಿ. ಈಗ ಟ್ರ್ಯಾಕ್ಟರ ಮ್ಯಾಗ ಹೊಡಸ್ತಾನ, ಎತ್ತಿಲ್ರಿ ಈಗ,” ಎಂದ. ಆ ಒಂಬತ್ತು ದಿನಗಳ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನು ಹೆಂಡತಿಯ ಕಡೆ ತಿರುಗಿ, “ಇವ್ರು ನಮ್ಮ ಕಾಲೇಜಿನ ಸರ್ ನೋಡು,” ಎಂದ. ಎರಡು ಗಂಟೆಯ ಪಾಳಿಗೆ ಡಿಪೋಕ್ಕೆ ಹೋಗಬೇಕೆಂದು, ಇನ್ನೊಮ್ಮೆ ನಮಸ್ಕಾರ ಮಾಡಿ ಹೊರಟೇಬಿಟ್ಟ.

‘ನಮ್ಮ ಕಾಲೇಜು’ ಎಂದಾಗ ಎರಡರಲ್ಲಿ ಯಾವುದು ಅವನ ಮನಸ್ಸಿನಲ್ಲಿತ್ತೋ, ನಾನು ಕೇಳಲಿಲ್ಲ.